ಮಂತ್ರಿಯ ನಲವತ್ತು ಕುಡಿಕೆಗಳು

“ಗುರುಗಳೇ, ಯಾರೂ ಹೆಸರೆತ್ತದ ಸಂಶೋಧನೆ ಮಾಡಿದರೂ ಒಂದೇ, ಬಿಟ್ಟರೂ ಒಂದೇ ಅಲ್ವಾ?”

ಕೇಳಿದವಳು ನೀಲಾಂಬಿಕೆ. ಎಣ್ಣೆಬೀಜಗಳ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ. ಬಿತ್ತನೆಗೆಂದು ಎತ್ತಿಟ್ಟ ಶೇಂಗಾಕ್ಕೆ ಬೂಷ್ಟು ಹಿಡಿಯದಂತೆ ಕಾಪಾಡುವುದು ಹೇಗೆ ಎಂದು ಆರು ವರ್ಷ ದುಡಿದು ಒಂದು ಪ್ರಬಂಧ ಬರೆದಿದ್ದಳು. ಕೇಂದ್ರಕ್ಕೆ ಈಗ ಹೊಸ ಲೆಕ್ಕ ಬಂದಿತ್ತು. ಒಬ್ಬರ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೋ ಅಷ್ಟು ಅಂಕ. ಅವಳಿಗೆ ಬಂದದ್ದು ಸೊನ್ನೆ. ಅಂಕ ಇಲ್ಲದವರನ್ನು ಪ್ರಯೋಗಾಲಯದಿಂದ ಎತ್ತಿ ಕಚೇರಿಯ ಕಡತಗಳ ಮುಂದೆ ಕೂರಿಸುತ್ತಾರೆ ಎಂಬ ಮಾತು ಹಬ್ಬಿತ್ತು.

ರುದ್ರಮುನಿಯಪ್ಪನವರು ಅವಳಿಗೆ ಸಂಶೋಧನೆ ಕಲಿಸಿದವರು. ನಿವೃತ್ತರಾಗಿ ಹನ್ನೊಂದು ವರ್ಷವಾಗಿತ್ತು. ಪಡಸಾಲೆಯಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು.

“ಇಷ್ಟು ಕೇಳೋಕೆ ನೀನು ಎರಡು ಬಸ್ಸು ಬದಲಾಯಿಸಿ ಬಂದಿಲ್ಲ. ಇನ್ನೇನೋ ಇದೆ, ಅದನ್ನ ಹೇಳು” ಎಂದರು.

ಇತ್ತು. ಅವಳ ನಾಲ್ವರು ಸಹೋದ್ಯೋಗಿಗಳು ಒಂದು ಒಪ್ಪಂದ ಮಾಡಿಕೊಂಡಿದ್ದರು. ಯಾರು ಏನು ಬರೆದರೂ ಎಲ್ಲರ ಹೆಸರನ್ನೂ ಅದರ ಮೇಲೆ ಹಾಕುವುದು, ಕೊನೆಯ ಉಲ್ಲೇಖಗಳ ಪಟ್ಟಿಯಲ್ಲಿ ಪರಸ್ಪರರ ಪ್ರಬಂಧಗಳನ್ನು ತುಂಬುವುದು. ಐದನೆಯವಳಾಗಿ ಸೇರು ಎಂದು ಅವಳನ್ನು ಕರೆದಿದ್ದರು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಸೇರಲು ಮನಸ್ಸಿಲ್ಲ, ಸೇರದಿರಲು ಧೈರ್ಯವಿಲ್ಲ.

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ನಲವತ್ತು ಜನ ವೈದ್ಯರಿದ್ದರು. ಅರಮನೆ ಅವರಿಗೆಲ್ಲ ಉಂಬಳಿಯಾಗಿ ಹೊಲ ಕೊಟ್ಟಿತ್ತು. ಒಮ್ಮೆ ರಾಜ ತನ್ನ ಮಂತ್ರಿಯನ್ನು ಕರೆದು, ಇವರಲ್ಲಿ ಯಾರು ಯೋಗ್ಯರು, ಯಾರು ಸುಮ್ಮನೆ ಉಣ್ಣುತ್ತಿದ್ದಾರೆ, ನೋಡಿ ಹೇಳು ಎಂದ.

ಮಂತ್ರಿ ಪ್ರಾಮಾಣಿಕ. ಆದರೆ ಅವನಿಗೆ ವೈದ್ಯವಿದ್ಯೆ ಗೊತ್ತಿರಲಿಲ್ಲ. ಶುಂಠಿಗೂ ಅರಿಶಿನದ ಕೊಂಬಿಗೂ ವ್ಯತ್ಯಾಸ ತಿಳಿಯಲು ಹೆಂಡತಿಯನ್ನು ಕೇಳಬೇಕಾಗಿತ್ತು. ಅಂಥವನು ವೈದ್ಯರನ್ನು ಅಳೆಯುವುದು ಹೇಗೆ? ಯೋಚಿಸಿ ಒಂದು ದಾರಿ ಕಂಡುಕೊಂಡ.

ಆ ರಾಜ್ಯದ ವೈದ್ಯರು ತಾವು ಕಂಡುಕೊಂಡದ್ದನ್ನು ಓಲೆಯ ಮೇಲೆ ಬರೆದು ಅರಮನೆಯ ಗ್ರಂಥಭಂಡಾರಕ್ಕೆ ಕೊಡುತ್ತಿದ್ದರು. ಬರೆಯುವಾಗ, ತಮಗಿಂತ ಮೊದಲು ಅದೇ ವಿಷಯ ಹೇಳಿದವರ ಹೆಸರನ್ನು ‘ಇಂಥವರು ಹೇಳಿರುವಂತೆ’ ಎಂದು ಸೇರಿಸುವುದು ಪದ್ಧತಿ. ಮಂತ್ರಿ ನಲವತ್ತು ಮಣ್ಣಿನ ಕುಡಿಕೆ ತರಿಸಿದ. ಒಬ್ಬೊಬ್ಬ ವೈದ್ಯನಿಗೆ ಒಂದೊಂದು. ಓಲೆಯಲ್ಲಿ ಯಾರ ಹೆಸರು ಕಂಡರೆ ಅವರ ಕುಡಿಕೆಗೆ ಒಂದು ಹುಣಸೆಬೀಜ. ತುಂಬಿದ ಕುಡಿಕೆಯವನಿಗೆ ಶಾಲು, ಮೂರು ವರ್ಷವೂ ಬರಿದಾಗಿ ಉಳಿದ ಕುಡಿಕೆಯವನ ಉಂಬಳಿ ವಾಪಸು.

ಮೊದಲ ವರ್ಷ ಆ ಅಳತೆ ಸುಮಾರಾಗಿ ಸರಿಯಾಗಿಯೇ ಇತ್ತು. ಅಳೆಯುತ್ತಿದ್ದಾರೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ವರ್ಷಕ್ಕೆ ಗೊತ್ತಾಯಿತು. ವೈದ್ಯರು ದಡ್ಡರಲ್ಲ. ಒಂದು ಓಲೆಯಲ್ಲಿ ಮುಗಿಯುವ ಕೆಮ್ಮಿನ ಕಷಾಯವನ್ನು ಐದು ಓಲೆಗೆ ಹಂಚಿದರು. ಮೆಣಸಿಗೊಂದು, ಶುಂಠಿಗೊಂದು, ಬೆಲ್ಲಕ್ಕೊಂದು, ನೀರಿಗೊಂದು, ಒಲೆಯ ಉರಿಗೊಂದು. ಒಬ್ಬ ಬರೆದ ಓಲೆಗೆ ಏಳು ಹೆಸರು ಬಂತು. ಏಳರಲ್ಲಿ ಒಬ್ಬನ ಕೆಲಸ ಓಲೆಗೆ ದಾರ ಪೋಣಿಸಿದ್ದು, ಇನ್ನೊಬ್ಬನದು ಪೋಣಿಸುವುದನ್ನು ನೋಡಿದ್ದು.

ಎಲ್ಲರಿಗಿಂತ ಮೊದಲು ತುಂಬಿದ ಕುಡಿಕೆ ಯಾರದೆಂದರೆ, ತಲೆನೋವಿಗೆ ಹರಳೆಣ್ಣೆ ಕುಡಿಸಬೇಕೆಂದು ಬರೆದ ವೈದ್ಯನದು. ಊರೂರಿನ ವೈದ್ಯರೂ ಅವನ ಹೆಸರು ಬರೆದಿದ್ದರು. ‘ಇವರು ಹೇಳಿರುವಂತೆ ಕುಡಿಸಿದೆವು. ತಲೆನೋವು ಹೋಗಲಿಲ್ಲ, ರೋಗಿ ಮಾತ್ರ ದಿನವೆಲ್ಲ ಮನೆಯೊಳಗೆ ನಿಲ್ಲಲಿಲ್ಲ’ ಎಂದು. ಬೀಜ ಹಾಕುವವರು ಹೆಸರನ್ನು ನೋಡುತ್ತಿದ್ದರೇ ಹೊರತು ಮುಂದಿನ ಸಾಲನ್ನು ಓದುತ್ತಿರಲಿಲ್ಲ. ಆ ವರ್ಷದ ಶಾಲು ಹರಳೆಣ್ಣೆಯವನಿಗೇ ಹೋಯಿತು.

ಈ ನಲವತ್ತರಲ್ಲಿ ಒಬ್ಬ ವೈದ್ಯನಿದ್ದ. ಅವನು ಬರೆದದ್ದು ಒಂದೇ ಓಲೆ, ಅದೂ ಎಷ್ಟೋ ವರ್ಷದ ಹಿಂದೆ. ಆಗೆಲ್ಲ ಮಕ್ಕಳಿಗೆ ಭೇದಿಯಾದರೆ ನೀರು ಕೊಡುತ್ತಿರಲಿಲ್ಲ. ಕೊಟ್ಟದ್ದೆಲ್ಲ ಹೊರಗೆ ಹೋಗುತ್ತದೆ, ಕೊಟ್ಟೇನು ಫಲ ಎನ್ನುತ್ತಿದ್ದರು. ಮಕ್ಕಳು ಎರಡು ಮೂರು ದಿನದಲ್ಲಿ ಬಾಡಿ ಹೋಗುತ್ತಿದ್ದವು. ಈ ವೈದ್ಯ ಒಂಬತ್ತು ವರ್ಷ ಮನೆ ಮನೆ ತಿರುಗಿ, ಕೂಸುಗಳ ಪಕ್ಕದಲ್ಲಿ ಕೂತು ನೋಡಿದ. ಕೊನೆಗೆ ಬರೆದ: ‘ನೀರು ನಿಲ್ಲಿಸಬೇಡಿ. ಉಪ್ಪು ಹಾಕಿದ ತೆಳು ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ.’ ಅಷ್ಟೇ.

ಅವನ ಕುಡಿಕೆಯಲ್ಲಿ ಒಂದು ಬೀಜವೂ ಬೀಳಲಿಲ್ಲ. ಇಬ್ಬರು ವೈದ್ಯರು ಕನಿಕರದಿಂದ ಅವನ ಮನೆಗೆ ಬಂದರು.

“ನೀ ನನಗಿದ್ರೆ ನಾ ನಿನಗೆ ಅಂತ ಸುಮ್ನೆ ಹೇಳ್ತಾರಾ? ನಮ್ಮ ಓಲೇಲಿ ನಿನ್ನ ಹೆಸರು ಬರೀತೀವಿ. ನೀನೂ ಒಂದು ಓಲೆ ಬರೆದು ನಮ್ಮ ಕಷಾಯದ ಹೆಸರು ಹಾಕು” ಎಂದರು.

“ನಿಮ್ಮ ಕಷಾಯಾನ ನಾನು ಯಾರಿಗೂ ಕುಡಿಸಿಲ್ವಲ್ಲಪ್ಪ. ಕುಡಿಸದೆ ಗುಣ ಆಗುತ್ತೆ ಅಂತ ಹೆಂಗೆ ಬರೀಲಿ?”

ಅವರು ಬಂದ ದಾರಿ ಹಿಡಿದರು. ವೈದ್ಯನೇನೂ ನೆಮ್ಮದಿಯಾಗಿರಲಿಲ್ಲ. ಹೊಲ ಹೋದರೆ ಊಟ ಹೋಗುತ್ತದೆ, ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

ಮೂರನೆಯ ವರ್ಷವೂ ಕುಡಿಕೆ ಬರಿದು. ಹುಣ್ಣಿಮೆಯೊಳಗೆ ಹೊಲ, ಮನೆ ಬಿಡಬೇಕೆಂದು ಮಂತ್ರಿ ಆಜ್ಞೆ ಬರೆದು ಮುದ್ರೆ ಒತ್ತಿದ. ಒತ್ತಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದ.

ಮನೆಯಲ್ಲಿ ಮೊಮ್ಮಗನಿಗೆ ಬೆಳಗಿನಿಂದ ಭೇದಿ. ಕಣ್ಣು ಒಳಗೆ ಹೋಗಿದ್ದವು. ಮಂತ್ರಿಗೆ ಗಾಬರಿಯಾಯಿತು. ಅವನ ಮೊದಲ ಮಗ ಇದೇ ಭೇದಿಯಲ್ಲಿ, ಇದೇ ವಯಸ್ಸಿನಲ್ಲಿ ತೀರಿಹೋಗಿದ್ದ. ಶಾಲು ಪಡೆದ ಹರಳೆಣ್ಣೆಯ ವೈದ್ಯನನ್ನು ಕರೆತರಲು ಆಳನ್ನು ಓಡಿಸಿದ. ಆ ವೈದ್ಯ ಶಾಲು ಹೊದ್ದುಕೊಂಡು ಬೇರೊಂದು ಊರಿನ ಸನ್ಮಾನಕ್ಕೆ ಹೋಗಿದ್ದ. ಅದೂ ಒಂದು ಪುಣ್ಯ.

ಸೊಸೆ ಮಾತ್ರ ಗಾಬರಿಯಾಗಿರಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಬಟ್ಟಲಿನಿಂದ ಏನನ್ನೋ ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಮಗು ಕಕ್ಕಿದರೆ ತುಸು ತಡೆದು ಮತ್ತೆ ಕುಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಟ್ಟು, ಬೆಲ್ಲ ಬೇಕೆಂದು ಹಟ ಹಿಡಿಯಿತು. ಮಂತ್ರಿ ಗೋಡೆಗೆ ಒರಗಿ ಕೂತುಬಿಟ್ಟ. ಅಷ್ಟು ಹೊತ್ತೂ ತಾನು ನಿಂತೇ ಇದ್ದೆನೆಂದು ಅವನಿಗೆ ಆಗ ತಿಳಿಯಿತು.

“ಏನು ಕೊಟ್ಟೆಯಮ್ಮ?”

“ಉಪ್ಪಿನ ಗಂಜಿ, ಮಾವ.”

“ಯಾವ ವೈದ್ಯರು ಹೇಳಿದ್ದು?”

ಸೊಸೆ ನಕ್ಕಳು. “ವೈದ್ಯರು ಯಾಕೆ ಹೇಳಬೇಕು? ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?”

ಮಂತ್ರಿ ಹೆಂಡತಿಯ ಕಡೆ ತಿರುಗಿದ. “ಎಲ್ಲರಿಗೂ ಗೊತ್ತಿರೋದಾದ್ರೆ ನಮ್ಮ ಮಗನಿಗೆ ಯಾಕೆ ಕುಡಿಸಲಿಲ್ಲ?”

ಆಕೆ ಮೊಮ್ಮಗನ ತಲೆ ಸವರುತ್ತ ಹೇಳಿದಳು. “ಆವಾಗ ಯಾರಿಗೂ ಗೊತ್ತಿರಲಿಲ್ಲ.”

ಆಗ ಯಾರಿಗೂ ಗೊತ್ತಿರಲಿಲ್ಲ, ಈಗ ಎಲ್ಲರಿಗೂ ಗೊತ್ತು. ಹಾಗಾದರೆ ನಡುವೆ ಯಾರೋ ಒಬ್ಬ ಇದನ್ನು ಕಂಡುಹಿಡಿದಿರಲೇಬೇಕು. ಮಂತ್ರಿ ಬೆಳಗಾಗುತ್ತಲೇ ಗ್ರಂಥಭಂಡಾರಕ್ಕೆ ಹೋಗಿ ಓಲೆಗಳನ್ನು ತಾನೇ ಬಿಚ್ಚಿ ಓದತೊಡಗಿದ. ಮೂರು ವರ್ಷದಲ್ಲಿ ಅವನು ಓಲೆಗಳನ್ನು ಓದಿದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಆ ಒಂದು ಓಲೆ ಸಿಕ್ಕಿತು. ಬರೆದವನ ಹೆಸರು ಹಿಂದಿನ ದಿನ ತಾನು ಮುದ್ರೆ ಒತ್ತಿದ ಆಜ್ಞೆಯಲ್ಲಿದ್ದ ಹೆಸರೇ.

ಬೇರೆ ವೈದ್ಯರು ಇವನ ಹೆಸರು ಯಾಕೆ ಬರೆಯಲಿಲ್ಲ ಎಂಬುದೂ ಅವನಿಗೆ ಆಗ ಹೊಳೆಯಿತು. ಗಂಜಿಯ ವಿಷಯ ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹೋಗಿತ್ತು. ತಾಯಂದಿರು ಮನೆಯಲ್ಲೇ ಕುಡಿಸಿಕೊಂಡರು. ಭೇದಿಯಾದ ಮಕ್ಕಳು ವೈದ್ಯರ ಬಾಗಿಲಿಗೆ ಬರುವುದೇ ನಿಂತಿತು. ಬಾರದ ರೋಗದ ಮೇಲೆ ಯಾವ ವೈದ್ಯ ಓಲೆ ಬರೆಯುತ್ತಾನೆ?

ಮಂತ್ರಿ ಆಳನ್ನು ಕಳಿಸಲಿಲ್ಲ, ತಾನೇ ಹೋದ. ವೈದ್ಯ ಅಂಗಳದಲ್ಲಿ ಗಂಟು ಕಟ್ಟುತ್ತಿದ್ದ. ಮದ್ದು ಅರೆಯುವ ಖಲಬತ್ತನ್ನು ಗೋಣಿಯಲ್ಲಿ ಸುತ್ತಿಯಾಗಿತ್ತು. ಮಂತ್ರಿ ನೆರೆಹೊರೆಯವರೆಲ್ಲರ ಎದುರಿಗೇ, ತಪ್ಪಾಯಿತು ಎಂದ. ಆಜ್ಞೆಯನ್ನು ಹರಿದ. ಆಮೇಲೆ ಹೇಳಿದ. “ನಾಳೆಯಿಂದ ರಾಜ್ಯದಲ್ಲಿ ಯಾವ ತಾಯಿ ಗಂಜಿ ಕುಡಿಸಿದರೂ ನಿಮ್ಮ ಹೆಸರು ಹೇಳಿಯೇ ಕುಡಿಸಬೇಕು ಅಂತ ಡಂಗುರ ಹೊಡೆಸ್ತೀನಿ.”

ವೈದ್ಯ ಗಾಬರಿಯಾಗಿ ಎದ್ದು ನಿಂತ. “ಅದೊಂದು ಮಾಡಬೇಡಿ ಸ್ವಾಮಿ. ಹೆಸರು ನೆನಪಾಗೋ ತನಕ ತಾಯಿ ಬಟ್ಟಲು ಹಿಡಿದು ಕೂತ್ರೆ ಕೂಸಿನ ಗತಿ ಏನು? ನಮಗೆ ಹೊಲ ಉಳೀತಲ್ಲ, ಸಾಕು.”

ಮಂತ್ರಿಗೆ ನಗು ಬಂತು. ಎರಡು ದಿನದಲ್ಲಿ ಅದೇ ಮೊದಲ ನಗು. ವೈದ್ಯನ ಹೆಂಡತಿ ಗಂಟು ಬಿಚ್ಚಿ, ಪಾತ್ರೆ ತೆಗೆದು ಒಲೆಯ ಮೇಲಿಟ್ಟಳು. ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವೈದ್ಯ ಖಲಬತ್ತನ್ನು ಇದ್ದ ಜಾಗದಲ್ಲೇ ಇಟ್ಟು, ಅದರ ಪಕ್ಕದಲ್ಲೇ ಮಲಗಿ ಹಾಡುಹಗಲೇ ನಿದ್ದೆ ಹೋದ.

ಮಂತ್ರಿ ಕುಡಿಕೆಗಳನ್ನೇನೂ ಒಡೆಸಲಿಲ್ಲ. ಒಡೆಸಿದರೆ ಮುಂದಿನ ಮಂತ್ರಿ ಬಂದು ಕೊಡಗಳನ್ನೇ ಇಡಿಸುತ್ತಾನೆ. ಒಂದು ಪದ್ಧತಿ ಮಾತ್ರ ಸೇರಿಸಿದ. ಯಾರ ಉಂಬಳಿಯನ್ನಾದರೂ ಕೀಳುವ ಮೊದಲು ಅವರು ಬರೆದದ್ದನ್ನು ಪೂರ್ತಿ ಓದಬೇಕು, ಅವರ ಸೀಮೆಯ ಹತ್ತು ಮನೆಗೆ ಹೋಗಿ ಕೇಳಬೇಕು. ಈ ಕೆಲಸ ಬಹಳ ನಿಧಾನ ಎಂದು ಅಧಿಕಾರಿಗಳು ಗೊಣಗಿದರು. ಹರಳೆಣ್ಣೆಯವನ ಶಾಲು ಅವನ ಬಳಿಯೇ ಉಳಿಯಿತು.

ಕತೆ ಮುಗಿಸಿ ಗುರುಗಳು ಮೊರ ಎತ್ತಿಕೊಂಡರು. ನೀಲಾಂಬಿಕೆ ಮೆಲ್ಲಗೆ ನಗತೊಡಗಿದಳು.

“ಹೋದ ತಿಂಗಳು ಒಂದು ಊರಿಗೆ ಹೋಗಿದ್ದೆ ಗುರುಗಳೇ. ಶೇಂಗಾನ ಹೆಂಗೆ ಒಣಗಿಸಬೇಕು, ಯಾವ ಚೀಲಕ್ಕೆ ತುಂಬಬೇಕು ಅಂತ ಒಬ್ಬ ಹೆಂಗಸು ನನಗೇ ಪಾಠ ಹೇಳಿದ್ಳು. ಒಂದೊಂದೂ ನಾನು ಬರೆದದ್ದೇ. ‘ಯಾರು ಹೇಳಿಕೊಟ್ಟರು’ ಅಂದೆ. ‘ನಮ್ಮ ಕಡೆ ಹಿಂಗೇ ಮಾಡೋದು, ನಿಮಗೆ ಗೊತ್ತಿಲ್ವಾ’ ಅಂದ್ಳು. ಅವತ್ತು ನನಗೆ ಹೊಟ್ಟೆ ಉರಿದುಹೋಯ್ತು.”

“ಈಗ?”

“ಈಗ ತಣ್ಣಗಾಯ್ತು. ಆ ನಾಲ್ವರಿಗೂ ಆಗಲ್ಲ ಅಂತ ಹೇಳಿಬಿಡ್ತೀನಿ. ಕಡತದ ಮುಂದೆ ಕೂರಿಸಿದ್ರೆ ಕೂರಿಸಲಿ, ನೋಡೋಣ.”

ಹೊರಡಲು ಎದ್ದವಳು ಬಾಗಿಲಲ್ಲಿ ನಿಂತು ಕೇಳಿದಳು.

“ಆ ವೈದ್ಯನ ಹೆಸರೇನು ಗುರುಗಳೇ?”

ಗುರುಗಳು ಹುರುಳಿಯಿಂದ ತಲೆ ಎತ್ತಲಿಲ್ಲ.

“ಗೊತ್ತಿಲ್ಲಮ್ಮ. ಎರಡು ವರ್ಷದ ಕೂಸಾಗಿದ್ದಾಗ ನಾನೂ ಆ ಗಂಜಿ ಕುಡಿದೇ ಬದುಕಿಕೊಂಡೆ, ಕುಡಿಸಿದ ನಮ್ಮವ್ವನಿಗೂ ಅವನ ಹೆಸರು ಗೊತ್ತಿರಲಿಲ್ಲ.”