ಯಿನ್‌ಮಾಯ್ ಎಂಬ ಮಬ್ಬು

"ಗುರುಗಳೇ, ಯಿನ್‌ಮಾಯ್ ಎಂಬ ಪದದ ನಿಜವಾದ ಅರ್ಥ ಯಾವುದು?" ಎಂದು ಶಿಷ್ಯ ಶೆನ್ ಕೇಳಿದ. ಅವನು ಚೀನಾ ದೇಶದ ಒಂದು ಬೆಟ್ಟದ ಮಠದಲ್ಲಿ ಗ್ರಂಥಗಳನ್ನು ನಕಲು ಮಾಡುತ್ತಿದ್ದವನು. "ಒಂದು ಹೊತ್ತಗೆಯಲ್ಲಿ ಅದು ಸೂರ್ಯನನ್ನು ಮುಚ್ಚುವ ಧೂಳಿನ ಮಬ್ಬು. ಇನ್ನೊಂದರಲ್ಲಿ ಮನಸ್ಸಿಗೆ ಕವಿಯುವ ಮಂಕು."

ಗುರು ಹ್ವೇ ಆನ್ ಕುಂಚ ಕೆಳಗಿಟ್ಟು ಈ ಕತೆ ಹೇಳಿದರು.

ನದಿ ದಡದ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಒಮ್ಮೆ ದೋಣಿ ವಾಲಿ ಅವನ ಮಡಕೆಗಳೆಲ್ಲ ನೀರುಪಾಲಾದವು. ಸಿಟ್ಟಿನಲ್ಲಿ ಅವನು ದೋಣಿಗಾರನ ಕೆನ್ನೆಗೆ ಹೊಡೆದ, ನಾಲ್ಕು ಜನರ ಎದುರಿಗೇ. ತಪ್ಪು ದೋಣಿಗಾರನದಲ್ಲ, ಗಾಳಿಯದು ಎಂದು ಮನೆ ತಲುಪುವಷ್ಟರಲ್ಲೇ ಅವನಿಗೆ ತಿಳಿದಿತ್ತು. ಆದರೆ ಆ ಮುಖವನ್ನು ಮತ್ತೆ ನೋಡುವ ಧೈರ್ಯ ಬರಲಿಲ್ಲ. ಅಂದಿನಿಂದ ಆಚೆ ದಡಕ್ಕೆ ಹೋಗಬೇಕಾದರೆ ಅರ್ಧ ದಿನ ನಡೆದು ಸೇತುವೆ ದಾಟುತ್ತಿದ್ದ. ಹೀಗೆ ಆರು ವರ್ಷ ಕಳೆಯಿತು. ದುಡಿಮೆಗೆ ಕೊರತೆಯಿರಲಿಲ್ಲ. ಉಂಡದ್ದು ಮಾತ್ರ ಮೈಗೆ ಹತ್ತುತ್ತಿರಲಿಲ್ಲ.

ಏಳನೆಯ ವಸಂತದಲ್ಲಿ ಮರಳುಗಾಡಿನ ಧೂಳು ಬಂದು ಊರನ್ನು ಮುಚ್ಚಿತು. ಚಾಚಿದ ಕೈ ಕಾಣದು. ಅದೇ ದಿನ ಕುಂಬಾರನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಸೇತುವೆ ಸುತ್ತಿ ಬರುವಷ್ಟು ಹೊತ್ತಿರಲಿಲ್ಲ.

ಕುಂಬಾರ ಗೋಡೆಗಳನ್ನು ತಡವುತ್ತ ನದಿಗೆ ಬಂದ.

"ಅಣ್ಣಾ, ನಾನು ಕುಂಬಾರ. ನನ್ನ ಹೆಂಡತಿ ಸಾಯುತ್ತಿದ್ದಾಳೆ!" ಎಂದು ಮಬ್ಬಿನೊಳಕ್ಕೆ ಕೂಗಿದ.

"ಮೆಟ್ಟಿಲು ಜಾರುತ್ತದೆ, ನಿಧಾನವಾಗಿ ಇಳಿ," ಎಂದಿತು ದೋಣಿಗಾರನ ದನಿ. ಒಂದು ಕೈ ಬಂದು ಅವನ ಕೈ ಹಿಡಿಯಿತು.

ದೋಣಿಗಾರ ನೀರಿನ ಸೆಳೆತವನ್ನು ಮುಟ್ಟಿ ನೋಡುತ್ತ ಹುಟ್ಟು ಹಾಕಿದ. ಸೂಲಗಿತ್ತಿಯನ್ನು ಕರೆತಂದರು. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು.

ಧೂಳು ಇನ್ನೂ ಒಂಬತ್ತು ದಿನ ಹಾಗೆಯೇ ಇತ್ತು. ಕುಂಬಾರ ಮರುದಿನವೇ ಅದರೊಳಗೆ ನಡೆದುಹೋಗಿ ದೋಣಿಗಾರನ ಕಾಲಿಗೆ ಬಿದ್ದ. ಅಷ್ಟು ತಿಳಿಯಾದ ಹಗಲನ್ನು ಅವನು ಆರು ವರ್ಷದಲ್ಲಿ ಕಂಡಿರಲಿಲ್ಲ. ಮುಂದೆ ಧೂಳು ಕವಿದಾಗಲೆಲ್ಲ ಊರವರು ಬೈಯುತ್ತಿದ್ದರು, ಅವನು ಮಾತ್ರ ಕೈ ಮುಗಿಯುತ್ತಿದ್ದ.

ಶೆನ್ ಕೇಳಿದ: "ಕುಂಬಾರನ ಮನಸ್ಸಿನ ಮಬ್ಬು ಅಂದು ಕರಗಿತು. ದೋಣಿಗಾರನದು ಯಾವಾಗ ಕರಗಿತು, ಗುರುಗಳೇ?"

"ಅವನಿಗೆ ಅದು ಕವಿದೇ ಇರಲಿಲ್ಲ, ಆ ಆರು ವರ್ಷವೂ ಅವನು ದೋಣಿಯಲ್ಲಿ ಕುಂಬಾರನಿಗೊಂದು ಜಾಗ ಬಿಟ್ಟೇ ಹುಟ್ಟು ಹಾಕುತ್ತಿದ್ದ," ಎಂದರು ಗುರು.