ಕನಸು ಒಪ್ಪಿಸುವ ಶಾಲೆ

"ಕೇಳಿರಿ, ಮೋಡದಗುಡ್ಡದ ಮಕ್ಕಳೇ, ಕೇಳಿರಿ! ಹಿರಿಯಮ್ಮಣ್ಣಿಯವರ ಅಪ್ಪಣೆಯಾಗಿದೆ. ಅವರ ಮೂರು ಒಗಟು ಬಿಡಿಸಿದವರಿಗೆ ಹೆಬ್ಬಾಗಿಲು ತೆರೆಯುತ್ತದೆ. ಬೇಕಾದವರನ್ನು ಕರೆದುಕೊಂಡು ಮನೆಗೆ ಹೋಗಬಹುದು. ತಪ್ಪು ಹೇಳಿದವರು ಮರೆವಿನ ನೀರು ಕುಡಿದು, ಬೂದುಬಣ್ಣದ ಶಾಲು ಹೊದ್ದು, ಸಾಯುವ ತನಕ ಇಲ್ಲೇ ಕಾವಲಿಗಿರತಕ್ಕದ್ದು!"

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಡಂಗುರ ಸಾರಿದರು. ಕಿಟಕಿಯಿಂದ ಒಳಗೆ ಬಂದ ಮಂಜು ಖಾಲಿ ಬೆಂಚುಗಳ ಮೇಲೆ ಕೂತು ತಾನೂ ಕೇಳಿಸಿಕೊಂಡಿತು.

ಎಂಟು ತುಂಬಿದ ಮಕ್ಕಳೆಲ್ಲ ಈ ಶಾಲೆಗೆ ಬಂದು ಇರಬೇಕೆಂಬುದು ರಾಜ್ಯದ ಕಟ್ಟಳೆ. ಮಕ್ಕಳನ್ನು ಯಾರು ಕೇಳುತ್ತಾರೆ? ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ದಿನಾ ಬೆಳಗ್ಗೆ ಎದ್ದವರು ಸಾಲಾಗಿ ನಿಂತು, ತಂತಮ್ಮ ಹಿತ್ತಾಳೆ ಹೂಜಿಯ ಬಾಯಿಗೆ ಬಾಯಿಟ್ಟು ಹಿಂದಿನ ರಾತ್ರಿಯ ಕನಸನ್ನು ಒಪ್ಪಿಸಬೇಕು. ಹೇಳಿದ್ದು ಹೂಜಿಗೆ ಇಳಿಯುತ್ತದೆ, ಹೇಳಿದವರಿಂದ ಹೋಗುತ್ತದೆ. ಮಕ್ಕಳ ಕನಸಿನಲ್ಲಿ ಬರುವುದು ಮನೆಯೇ ತಾನೆ? ತಿಂಗಳಿಗೆ ಅಂಗಳ ಮರೆಯುತ್ತದೆ, ಎರಡು ತಿಂಗಳಿಗೆ ಅವ್ವನ ದನಿ. ಆಮೇಲೆ ಪಾಠ ಚೆನ್ನಾಗಿ ಹತ್ತುತ್ತದೆ ಎನ್ನುತ್ತಿದ್ದರು ಗುರುಗಳು.

ಹದಿಮೂರರ ಚೆಲುವಿಗೆ ಮಾತ್ರ ಪಾಠ ಹತ್ತಲೇ ಇಲ್ಲ. ಅವಳು ಹೂಜಿಗೇ ಸುಳ್ಳು ಹೇಳುತ್ತಿದ್ದಳು. ಆನೆ ತೆಂಗಿನಮರ ಹತ್ತಿತು, ಕಪ್ಪೆಗೆ ಮದುವೆಯಾಯಿತು ಎಂದು ಏನೇನೋ ಊದಿ, ನಿಜದ ಕನಸನ್ನು ನಾಲಿಗೆಯಡಿ ಬಚ್ಚಿಟ್ಟುಕೊಂಡು ಬರುತ್ತಿದ್ದಳು. ಪರೀಕ್ಷೆಯಲ್ಲಿ ಯಾವಾಗಲೂ ಕಡೆಯವಳು. ಅದಕ್ಕೆ ಅವಳು ತಲೆ ಕೆಡಿಸಿಕೊಂಡವಳೇ ಅಲ್ಲ.

ಆದರೆ ಮೂರು ತಿಂಗಳ ಹಿಂದೆ ತಂಗಿ ನಿಂಗಿ ಬಂದಳು. ಸುಳ್ಳು ಬಾರದ ಮಗು, ಇದ್ದಬದ್ದದ್ದನ್ನೆಲ್ಲ ಹೂಜಿಗೆ ಸುರಿದುಬಿಟ್ಟಿತು. ನಿನ್ನೆ ಊಟದ ಸಾಲಿನಲ್ಲಿ ಚೆಲುವಿ ಅವಳ ಜಡೆ ಸರಿಮಾಡಲು ಹೋದರೆ, "ನೀವು ಯಾರು?" ಎಂದು ಕೇಳಿತು. ಚೆಲುವಿ ಜಡೆಯಿಂದ ಕೈ ತೆಗೆದಳು. ತಂಗಿಯನ್ನು ಇಲ್ಲಿಂದ ಕರೆದೊಯ್ಯಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಮಧ್ಯಾಹ್ನ ಶಾಲೆಯ ಒಡತಿ ಹಿರಿಯಮ್ಮಣ್ಣಿ ಗದ್ದುಗೆಯ ಮೇಲೆ ಕೂತು ಮೊದಲ ಒಗಟು ಕೇಳಿದಳು. "ಇಷ್ಟೇ ಇಷ್ಟು ಕೊಟ್ಟರೆ ಸಾಕು, ಪಡೆದವರಲ್ಲಿ ತುಂಬಿಕೊಳ್ಳುತ್ತದೆ. ಕೊಟ್ಟವರಿಗೆ ಕಡಿಮೆಯಾಗುವುದಿಲ್ಲ. ತುಂಬಿಕೊಳ್ಳುವಾಗ ಮಾತ್ರ ಯಾರೂ ಅಲುಗಿಸಬಾರದು. ಏನದು?"

ಶಾಲೆಗೇ ಮೊದಲಿಗನಾದ ಧನಂಜಯ ಎದ್ದ. "ವಿದ್ಯೆ! ಹದಿನೇಳನೇ ಪಾಠ, ಎರಡನೇ ಸಾಲು!"

ಅಮ್ಮಣ್ಣಿ ಕಣ್ಣು ಮುಚ್ಚಿದಳು, ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾದಳು. "ಅಲ್ಲ." ಧನಂಜಯ ನೀರು ಕುಡಿದ. ಶಾಲು ಹೊದ್ದ ಮೇಲೆ ಗೆಳೆಯರು ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ.

"ಎರಡನೆಯದು. ಬೆಳಕಿನಿಂದ ಹುಟ್ಟಿದ ಕಪ್ಪು. ಚೆಂದವನ್ನು ಕಾಯಲೆಂದೇ ಚೆಂದವನ್ನು ಕೆಡಿಸುತ್ತದೆ. ಊರಿಗೆಲ್ಲ ಕಾಣುತ್ತದೆ, ಹೊತ್ತವರಿಗೆ ಕಾಣುವುದಿಲ್ಲ."

"ನೆರಳು," ಎಂದಳು ಎರಡನೇ ಸ್ಥಾನದ ಮೃಣಾಲಿನಿ. ಮತ್ತೆ ಅಮ್ಮಣ್ಣಿ ಕಣ್ಣು ಮುಚ್ಚಿದಳು, ಕಾದಳು, ಇಲ್ಲವೆಂದು ತಲೆಯಾಡಿಸಿದಳು. ಮೃಣಾಲಿನಿಯೂ ಬೂದುಬಣ್ಣವಾದಳು.

"ಮೂರನೆಯದು. ಮನೆಮಂದಿಯೆಲ್ಲ ಹಸಿದಿದ್ದರೂ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಬೀಗವಿಲ್ಲ, ಕಾವಲಿಲ್ಲ. ದಿನವೂ ಹಳಸುತ್ತದೆ, ದಿನವೂ ಹೊಸದಾಗುತ್ತದೆ."

ಯಾರೂ ಏಳಲಿಲ್ಲ. ಚೆಲುವಿ ಮಾತ್ರ ಅಮ್ಮಣ್ಣಿಯ ಮುಖವನ್ನೇ ನೋಡುತ್ತಿದ್ದಳು. ಉತ್ತರ ಗೊತ್ತಿದ್ದವರು ಹಾಗೆ ಕಣ್ಣು ಮುಚ್ಚಿ ಕಾಯುತ್ತಾರೆಯೇ? ಅಯ್ಯೋ, ಇವರಿಗೂ ಗೊತ್ತಿಲ್ಲ! ಅವಳ ಭಯ ಅರ್ಧ ಇಳಿಯಿತು. ಎದ್ದು ನಿಂತಳು.

"ಮೊದಲನೇದು ಹೆಪ್ಪು, ಅಮ್ಮಣ್ಣಿ. ಪಕ್ಕದ ಮನೆಯೋರು ಬಟ್ಟಲು ಹಿಡ್ಕೊಂಡು ಬರ್ತಾರೆ. ನಮ್ಮವ್ವ ಒಂದು ಚಮಚ ಮೊಸರು ಹಾಕಿ ಕಳಿಸ್ತಾಳೆ. ಬೆಳಗ್ಗೆ ಅವರ ಗಡಿಗೇಲೂ ಮೊಸರು, ನಮ್ಮ ಗಡಿಗೇಲೂ ಮೊಸರು. ನಿಂಗಿ ಇಣುಕೋಕೆ ಹೋದ್ರೆ ಅವ್ವ ಬೈತಾಳೆ, ಅಲುಗಿಸಬೇಡ್ವೇ, ಹೆಪ್ಪಾಗಲ್ಲ ಅಂತ."

ಅಮ್ಮಣ್ಣಿ ಎದೆಯ ಮೇಲೆ ಕೈಯಿಟ್ಟಳು, ಕಣ್ಣು ಮುಚ್ಚುವುದನ್ನೇ ಮರೆತಳು.

"ಎರಡನೇದು ದೃಷ್ಟಿಬೊಟ್ಟು. ದೀಪದ ಕುಡಿ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡ್ತಾರೆ. ಮಗೂನ ಕೆನ್ನೆಗೆ ಇಡ್ತಾರೆ, ಯಾರ ಕಣ್ಣೂ ಬೀಳದೆ ಇರ್ಲಿ ಅಂತ. ಮಗೂಗೆ ತನ್ನ ಕೆನ್ನೆ ಎಲ್ಲಿ ಕಾಣ್ಬೇಕು?"

ಅಮ್ಮಣ್ಣಿ ಕೆನ್ನೆ ಮುಟ್ಟಿಕೊಂಡಳು. "ಮೂರನೆಯದು?" ದನಿ ತೀರಾ ಸಣ್ಣದಾಗಿತ್ತು.

"ಮನೆಗೆ ಬಾರದವರ ಪಾಲು," ಎಂದಳು ಚೆಲುವಿ. ಈಗ ಅವಳಿಗೇ ಅಳು ಬಂತು. "ದಿನಾ ತಟ್ಟೇಲಿ ಬಡಿಸಿ ಮುಚ್ಚಿಡ್ತಾರೆ. ಬರ್ಲಿಲ್ಲ ಅಂದ್ರೆ ಮಾರನೇ ದಿನ ಹಸುವಿಗೆ ಹಾಕಿ, ಮತ್ತೆ ಹೊಸದಾಗಿ ಬಡಿಸ್ತಾರೆ. ನಮ್ಮಪ್ಪ ದುಡಿಯೋಕೆ ದೂರ ಹೋಗಿದ್ದಾಗ ಅವ್ವ ಹಂಗೇ ಮಾಡ್ತಿದ್ಲು. ನಮಗೆ ಹೊಟ್ಟೆ ಹಸಿದಿದ್ರೂ ಮುಟ್ತಿರಲಿಲ್ಲ."

ಹಿರಿಯಮ್ಮಣ್ಣಿ ಗದ್ದುಗೆಯಿಂದ ಇಳಿದು ನೆಲದ ಮೇಲೆ ಕೂತಳು. "ಈ ಶಾಲೆಗೆ ಬಂದ ಮೊದಲ ಮಗು ನಾನೇ ಕಣೇ. ಮಿಕ್ಕದ್ದೆಲ್ಲ ಆರಿಹೋಗಿ, ನನ್ನ ಹೂಜಿಯ ತಳದಲ್ಲಿ ಮೂರೇ ಹನಿ ಉಳಿದಿದ್ದವು. ಯಾತರ ನೆನಪಿನ ಹನಿ ಅಂತ ತಿಳಿಯದೆ, ಒಗಟು ಮಾಡಿ ಕಂಡಕಂಡವರನ್ನ ಕೇಳಿದೆ." ಆಮೇಲೆ ಚಿಕ್ಕ ಮಗುವಿನಂತೆ ಕೇಳಿದಳು. "ನನ್ನ ಪಾಲೂ ಇಟ್ಟಿರ್ತಾರಾ?"

"ಗೊತ್ತಿಲ್ಲ ಅಮ್ಮಣ್ಣಿ. ಹೋಗಿ ನೋಡ್ಬೇಕು."

ಹೆಬ್ಬಾಗಿಲು ತೆರೆಯಿತು. "ಯಾರು ಯಾರು ಬೇಕು, ಹೇಳು," ಎಂದು ಅಮ್ಮಣ್ಣಿ ಕೇಳಿದರೆ, "ಎಲ್ಲರೂ ಬೇಕು," ಎಂದಳು ಚೆಲುವಿ. ಮೋಡ ಇಳಿದಂತೆ ಮಕ್ಕಳು ಗುಡ್ಡ ಇಳಿದರು. ಧನಂಜಯ, ಮೃಣಾಲಿನಿಯರ ಕೈಯನ್ನು ಗೆಳೆಯರು ಹಿಡಿದಿದ್ದರು. ಎಲ್ಲರ ಹಿಂದೆ ಹಿರಿಯಮ್ಮಣ್ಣಿ ಬರಿಗಾಲಲ್ಲಿ ನಡೆಯುತ್ತಿದ್ದಳು.

ಎರಡು ದಿನ ನಡೆದರೂ ನಿಂಗಿಗೆ ಅಕ್ಕನ ಗುರುತು ಹತ್ತಲಿಲ್ಲ. ಮನೆಯ ಹೊಸ್ತಿಲನ್ನು ಯಾರದೋ ಮನೆಗೆ ಬಂದವಳಂತೆ ದಾಟಿದಳು. ಅವ್ವ ತಬ್ಬಿಕೊಂಡು ಅತ್ತಾಗಲೂ ಸುಮ್ಮನೆ ನಿಂತಿದ್ದಳು. ಒಲೆಯ ಪಕ್ಕದಲ್ಲಿ ಮುಚ್ಚಿಟ್ಟ ಎರಡು ತಟ್ಟೆಗಳಿದ್ದವು. ಅವ್ವ ಮುಚ್ಚಳ ತೆಗೆದಳು. ನಿಂಗಿ ತನ್ನ ತಟ್ಟೆಯ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟಳು. ಎರಡನೇ ತುತ್ತಿಗೆ ಅವಳ ಕಣ್ಣು ಪಕ್ಕಕ್ಕೆ ಹೊರಳಿತು.

"ಅವ್ವಾ," ಎಂದು ರಾಗ ಎಳೆದಳು, "ಅಕ್ಕನ ತಟ್ಟೇಲಿ ಜಾಸ್ತಿ ಇದೆ!"