ಹೆಸರಿಟ್ಟು ಸಾಕಿದ ಹುಂಜಗಳು

ಅಕ್ಕಪಕ್ಕದ ಎರಡು ಮನೆಯವರು ತಮ್ಮ ತಮ್ಮ ಹುಂಜಕ್ಕೆ ಹೆಸರಿಟ್ಟು ಮಗನಂತೆ ಸಾಕಿದರು. ಬಾಡೂಟದ ದಿನ ಏನಾಯಿತು, ಊಹಿಸಿ ನೋಡೋಣ! ಆಗಲಿಲ್ಲವೇ? ಬಿಡಿ, ಹೇಳುವ ಖುಷಿ ನನಗೇ ಇರಲಿ.

ಬೇಲಿಯ ಈಚೆಯಿಂದ ದೇವೀರಮ್ಮನ ಹುಂಜ ಕೆಂಚಪ್ಪ ಕೇಳಿದ, “ಏನಯ್ಯಾ ಚಿನ್ನಪ್ಪ, ನಿನ್ನ ಕತ್ತು ಭದ್ರವೋ?”

ಆಚೆಯಿಂದ ಚೆನ್ನಾಜಮ್ಮನ ಹುಂಜ ಚಿನ್ನಪ್ಪ ಬೀಗಿದ, “ನಮ್ಮಮ್ಮ ಕತ್ತಿ ಹಿಡಿದು ನನ್ನ ಮುಖ ನೋಡಿದಳು, ಅತ್ತಳು, ಕೆಳಗಿಟ್ಟಳು. ‘ಕೈತುತ್ತು ಕೊಟ್ಟು ಬೆಳೆಸಿದ್ದೇನೆ, ಇವನ ಸಾರು ನನ್ನ ಗಂಟಲಲ್ಲಿ ಇಳಿದೀತೇ?’ ಎಂದಳು. ನಿನ್ನದು?”

“ನಮ್ಮಲ್ಲಿ ಮನೆಮಂದಿಯೆಲ್ಲ ಅತ್ತರು. ಆದರೂ ಮಸಾಲೆ ಅರೆಯುತ್ತಿದ್ದಾರಪ್ಪ.”

“ನಮ್ಮಲ್ಲೂ ಅರೆಯುತ್ತಿದ್ದಾರೆ. ಇನ್ಯಾರದೋ ಗ್ರಹಚಾರ, ಪಾಪ!”

ಇಬ್ಬರೂ ನಗುತ್ತಿರುವಾಗಲೇ ಯಜಮಾನಿಯರು ಕಣ್ಣೊರೆಸಿಕೊಳ್ಳುತ್ತ ಬೇಲಿಯ ಬಳಿ ಬಂದರು. ಚೆನ್ನಾಜಮ್ಮ ಚಿನ್ನಪ್ಪನನ್ನು ಈಚೆಗೆ ದಾಟಿಸಿದಳು. “ಇವನು ಬಲು ಸೂಕ್ಷ್ಮ, ದೇವೀರಕ್ಕ. ಒಂದೇ ಏಟಿಗೆ ಮುಗಿಸಿಬಿಡಿ.”

“ನನ್ನ ಕೆಂಚಪ್ಪನೂ ಹಾಗೇ ಕಣಮ್ಮ,” ಎಂದು ದೇವೀರಮ್ಮ ಅವನನ್ನು ಆಚೆಗೆ ದಾಟಿಸಿದಳು.

ಎರಡೂ ಮನೆಯಲ್ಲಿ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಸಾರು ಸಲೀಸಾಗಿ ಇಳಿಯಿತು.

ಅದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬುಧವಾರ.